ಕಂದು ಬುಡದ ಎರಡು ವಾಲ್ವ್

“ಕೈ ತೆಗೀರಿ ಮಾಸ್ತಿಯಣ್ಣಾ! ನಾನೂರು ವೋಲ್ಟ್ ಅದೆ ಅದ್ರಲ್ಲಿ!”

ಸುಚಿತಾ ಕೂಗಿದ ರಭಸಕ್ಕೆ ನಾನು ಸ್ಟೂಲಿನ ಸಮೇತ ಹಿಂದೆ ಸರಿದೆ. ಮೂವತ್ತೆರಡು ವರ್ಷ ಖಾಕಿ ತೊಟ್ಟವನು ನಾನು. ಭಟ್ಕಳ, ಹೊನ್ನಾವರ, ಕುಮಟಾ, ಮೂರೂ ಠಾಣೆಯ ನೀರು ಕುಡಿದು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದವನು. ನನಗೆ ಗದರಿದವರು ಬಹಳ ಕಮ್ಮಿ. ಬೇರೆ ಯಾರಾದರೂ ಆಗಿದ್ದರೆ ತಿರುಗಿ ಎರಡು ಬಿಗಿಯುತ್ತಿದ್ದೆ.

ಆದರೆ ಇದು ಅವಳ ಅಂಗಡಿ. ಕುಮಟಾ ಬಸ್‌ಸ್ಟ್ಯಾಂಡಿನ ಹಿಂದೆ ಟೀವಿ, ಮಿಕ್ಸರು ರಿಪೇರಿ ಮಾಡುತ್ತಾಳೆ. ಮೇಜಿನ ಮೇಲೆ ಸತ್ತವನ ಆಂಪ್ಲಿಫೈಯರು. ಅದರ ಗಾಜಿನ ಬಲ್ಬಿನಂಥ ಎರಡು ದೊಡ್ಡ ವಾಲ್ವುಗಳನ್ನು ಕಿತ್ತು ಒಂದೊಂದಾಗಿ ತನ್ನ ಅಳತೆ ಪೆಟ್ಟಿಗೆಗೆ ಚುಚ್ಚಿ ಕಾಯಿಸುತ್ತಿದ್ದಳು. ಎಡಗೈ ಬೆನ್ನ ಹಿಂದೆ. ಎರಡೂ ಕೈ ಹಾಕಿದರೆ ಕರೆಂಟು ಎದೆಯ ಮೇಲೆ ಹಾದು ಹೋಗುತ್ತದೆ, ಒಂದು ಕೈ ಯಾವಾಗಲೂ ಹಿಂದೆ ಇರಲಿ ಎಂದು ಹೇಳಿಕೊಟ್ಟವನು ಅವಳ ಗುರು ವೆಂಕಟ್ರಮಣ.

ಅದೇ ವೆಂಕಟ್ರಮಣ ಹದಿನೇಳು ದಿನದ ಹಿಂದೆ ಹೊನ್ನಾವರದ ಬಳಿಯ ಕಾಸರಕೋಡಿನ ತನ್ನ ಮನೆಯಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತ. ಕೊಂದ ಎಂದು ಕಾರವಾರದ ಜೈಲಿನಲ್ಲಿ ಕೂತಿರುವವನು ದೇವರಾಜ. ಸತ್ತವನ ತಂಗಿಯ ಗಂಡ. ನನ್ನ ಸ್ವಂತ ತಂಗಿಯ ಮಗ.

ಇವತ್ತು ಮೂರು ಗಂಟೆಗೆ ಅವನ ಜಾಮೀನಿನ ವಿಚಾರಣೆ. “ಎರಡೂವರೆಯೊಳಗೆ ಹೊಸದು ಏನಾದರೂ ಕೊಡಿ, ಇಲ್ಲದಿದ್ದರೆ ಆಸೆ ಬಿಡಿ” ಎಂದಿದ್ದ ವಕೀಲ ಕಿರಣ. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ.

“ಇನ್ನೂ ಎಷ್ಟು ಕಾಯಿಸ್ತೆ ಮಾರಾಯ್ತಿ? ಅನ್ನ ಬೇಯೂಕೂ ಇಷ್ಟು ಹೊತ್ತು ಬೇಡ.”

“ಅರ್ಧ ಗಂಟೆ ಕಾದ ಮೇಲೇ ಇದು ನಿಜ ಹೇಳೂದು. ಅಲ್ಲಿವರೆಗೆ ಸುಳ್ಳೇ. ನಿಮ್ಮ ಕಳ್ಳರ ಹಾಗೆ.”

ಮೀಟರಿನ ಮುಳ್ಳು ನಿಂತಿತು. ಅವಳು ಬಗ್ಗಿ ನೋಡಿದಳು.

“ಇಪ್ಪತ್ನಾಲ್ಕು.”

“ಮೊದಲಿನದು?”

“ಮೂವತ್ತೆಂಟು.” ಸುಚಿತಾ ಸ್ವಿಚ್ ಆರಿಸಿ ನನ್ನ ಮುಖ ನೋಡಿದಳು. “ಇದು ಜೋಡಿನೇ ಅಲ್ಲ ಅಣ್ಣ.”

ನಾನು ಎರಡನ್ನೂ ನೋಡಿದೆ. ಒಂದೇ ಎತ್ತರ, ಒಂದೇ ದಪ್ಪ, ಎರಡಕ್ಕೂ ಕಂದು ಬಣ್ಣದ ಬುಡ. ಒಂದೇ ಬಸುರಲ್ಲಿ ಹುಟ್ಟಿದ ಅವಳಿಗಳ ಹಾಗೆ ಇದ್ದವು.

“ಇದಕ್ಕಿಂತ ಜೋಡಿ ಎಲ್ಲಿ ಸಿಕ್ತದೆ?”

“ಕಣ್ಣಿಗೆ ಜೋಡಿ. ಕರೆಂಟಿಗೆ ಅಲ್ಲ. ನೀವು ರಂಪಣಿ ಬಲೆ ಎಳೆದವರಲ್ದಾ? ಎರಡು ಹಗ್ಗ, ಎರಡು ಬದಿಗೆ ಜನ. ಒಂದು ಬದಿಯವರು ಜೋರಾಗಿ ಎಳೆದು, ಇನ್ನೊಂದು ಬದಿಯವರು ಬೀಡಿ ಸೇದ್ತಾ ನಿಂತ್ರೆ?”

“ಬಲೆ ಓರೆ ಆಗ್ತದೆ. ಮೀನು ಹೋಗ್ತದೆ. ಬೈಗುಳ ಬರ್ತದೆ.”

“ಇದೂ ಹಾಗೇ. ಈ ಎರಡು ವಾಲ್ವು ಹಾಡನ್ನ ಆಚೆ ಈಚೆ ಎಳೀತವೆ. ಎರಡೂ ಸಮ ಎಳೆದ್ರೆ ಹಾಡು ಮಾತ್ರ ಕೇಳ್ತದೆ. ಒಂದು ಜಾಸ್ತಿ, ಒಂದು ಕಮ್ಮಿ ಆದ್ರೆ ಹಾಡಿನ ಅಡಿಗೆ ಗುಂಯ್ ಅಂತ ಶಬ್ದ ನಿಲ್ಲೂದೇ ಇಲ್ಲ. ಗುರುಗಳು ಅಂಥದ್ದನ್ನ ಒಂದು ನಿಮಿಷ ಸಹಿಸ್ತಿರ್ಲಿಲ್ಲ. ಒಮ್ಮೆ ನಾನೇ ತಪ್ಪು ಜೋಡಿ ಹಾಕಿದ್ದೆ. ಊಟದ ಬಾಳೆ ಬಿಟ್ಟು ಎದ್ದು ಬಂದು ಆರಿಸಿದ್ರು.”

ವೆಂಕಟ್ರಮಣನ ಅಳತೆ ಪುಸ್ತಕ ನನ್ನ ಕೈಯಲ್ಲೇ ಇತ್ತು. ಬೋಟುಗಳ ವೈರ್‌ಲೆಸ್ ರಿಪೇರಿ ಮಾಡಿ ಬದುಕಿದ ಮನುಷ್ಯ, ಕೊನೆಯ ಹತ್ತು ವರ್ಷ ಈ ಆಂಪ್ಲಿಫೈಯರಿನದೇ ಹುಚ್ಚು. ಪೆನ್ಸಿಲಿನಲ್ಲಿ ಮುತ್ತಿನಂಥ ಅಕ್ಷರ. ಕೊನೆಯ ಪುಟ ತೆರೆದೆ. ಕಂದು ಬುಡ ಮೂವತ್ತೆಂಟು, ಕಪ್ಪು ಬುಡ ಮೂವತ್ತೇಳು, ಜೋಡಿ. ಅದರ ಕೆಳಗೆ, ಕಂದು ಬುಡ ಇಪ್ಪತ್ನಾಲ್ಕು, ಒಂಟಿ, ಪೆಟ್ಟಿಗೆಯಲ್ಲಿಡುವುದು.

ಪೊಲೀಸರು ತೆಗೆದ ಫೋಟೋದಲ್ಲೂ ಎರಡು ಕಂದು ಬುಡವೇ ಇದ್ದವು. ಕಪ್ಪಿನದು ಎಲ್ಲಿ ಹೋಯಿತು? ಸತ್ತವನ ಮೇಜಿನ ಅಡಿಯಲ್ಲಿ ನನಗೆ ಸಿಕ್ಕಿದ್ದ, ಒಳಗಿಂದ ಬೆಳ್ಳಿ ಬಳಿದಂಥ ಗಾಜಿನ ಚೂರನ್ನು ಸುಚಿತಾಳ ಮುಂದೆ ಇಟ್ಟೆ.

“ವಾಲ್ವಿನ ನೆತ್ತಿಯ ಗಾಜು,” ಎಂದಳು ತಕ್ಷಣ. “ಕಪ್ಪು ಬುಡದ್ದು ಒಡೆದದೆ. ಯಾರೋ ಅದರ ಜಾಗಕ್ಕೆ ಇದನ್ನ ಹಾಕ್ಯಾರೆ. ಪುಸ್ತಕ ನೋಡ್ಲಿಲ್ಲ, ಬಣ್ಣ ನೋಡ್ಯಾರೆ. ಮತ್ತೆ ಇಲ್ಲಿ ನೋಡಿ.”

ಇಪ್ಪತ್ನಾಲ್ಕರ ವಾಲ್ವಿನ ಗಾಜಿಗೆ ಉಗುರಿನಷ್ಟು ಅಗಲದ ಏನೋ ಸುಟ್ಟು ಅಂಟಿತ್ತು. ಭೂತಗನ್ನಡಿ ಬೇಕಾಗಲಿಲ್ಲ. ಮೀನುಗಾರ ಕುಲದ ನನಗೆ ಅದನ್ನು ಗುರುತಿಸಲು ಕಣ್ಣೂ ಬೇಡ. ಮೀನಿನ ಹುರುಪೆ.

“ಗುರುಗಳು ಸ್ಪಿರಿಟ್ಟಲ್ಲಿ ಕೈ ಒರೆಸದೆ ವಾಲ್ವು ಮುಟ್ಟಿದ್ದೇ ಇಲ್ಲ,” ಎಂದಳು ಸುಚಿತಾ.

ಮೀನಿನ ಕೈ ಸರಿ. ಆದರೆ ಭಟ್ಕಳದಿಂದ ಕುಮಟೆಯವರೆಗೆ ಮೀನು ಮುಟ್ಟದ ಕೈ ಎಷ್ಟು ಸಿಕ್ಕಾವು?

ಲಕ್ಕಿಗೆ ಫೋನ್ ಹಚ್ಚಿದೆ. ವೆಂಕಟ್ರಮಣನ ಬೇಲಿಯಾಚೆ ಕಾಯಿಪಲ್ಲೆ ಬೆಳೆದು ಮಾರುವ ಹಾಲಕ್ಕಿ ಹೆಂಗಸು. ಮದುವೆ ಮನೆಯಲ್ಲಿ ಅವಳು ಹಾಡು ಎತ್ತಿಕೊಡದೆ ಉಳಿದವರು ಬಾಯಿ ತೆರೆಯುವುದಿಲ್ಲ. ಪೊಲೀಸರ ಇಡೀ ಲೆಕ್ಕ ಅವಳ ಕಿವಿಯ ಮೇಲೆ ನಿಂತಿತ್ತು. ಮಧ್ಯಾಹ್ನದಿಂದ ಹಾಡು ಕೇಳುತ್ತಿತ್ತು, ನಾಲ್ಕೂವರೆಗೆ ನಿಂತಿತು, ನಿಂತ ಕೂಡಲೇ ದೇವರಾಜ ಗೇಟು ದಾಟಿ ಓಡಿದ. ಅಂದರೆ ಹಾಡು ಇರುವಷ್ಟು ಹೊತ್ತು ಮನುಷ್ಯ ಬದುಕಿದ್ದ. ದೇವರಾಜ ಮಾತ್ರ, ತಾನು ಹೋದಾಗಲೇ ಭಾವ ಬಿದ್ದಿದ್ದ, ಗಾಬರಿಯಲ್ಲಿ ಕರೆಂಟಿನ ಪಿನ್ನು ಕಿತ್ತು ಓಡಿದೆ ಎನ್ನುತ್ತಿದ್ದ.

“ಲಕ್ಕೀ, ಆ ದಿನದ ಹಾಡು ಹೇಗೆ ಕೇಳ್ತಿತ್ತು?”

“ಕೇಳ್ತಿತ್ತಾ ಅಂತ ಕೇಳ್ದ್ರು ಪೋಲೀಸ್ರು. ಹೇಗೆ ಕೇಳ್ತಿತ್ತು ಅಂತ ನೀನೇ ಮೊದ್ಲು ಕೇಳ್ದೆ ಮಾಸ್ತಣ್ಣ.”

“ಈಗ ಹೇಳೇ ಮಾರಾಯ್ತಿ.”

“ಮೊದ್ಲು ಚೊಲೋ ಇತ್ತು. ಮೂರು ಗಂಟೆ ಹೊತ್ತಿಗೆ ಪಟ್ ಅಂತ ನಿಂತೋಯ್ತು. ಮತ್ತೆ ಸುರು ಆತು. ಆಗಿಂದ ಹಾಡಿನ ಅಡಿಗೆ ಕಣಜ ಹೊಕ್ಕ ಹಾಗೆ. ಗುಂಯ್... ಇದೇ ಸುರ.” ಫೋನಿನಲ್ಲೇ ಹಿಡಿದು ತೋರಿಸಿದಳು. ಸುಚಿತಾ ಎರಡೂ ಕಂದು ವಾಲ್ವುಗಳನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ ಬಿಸಿಯಾಗಲು ಬಿಟ್ಟಳು. ಸ್ಪೀಕರಿನಿಂದ ಬಂದ ಗುಂಯ್‌ಗೂ ಲಕ್ಕಿಯ ಗುಂಯ್‌ಗೂ ಒಂದೆಳೆ ವ್ಯತ್ಯಾಸ ಇರಲಿಲ್ಲ.

“ಅದೇ! ಅದೇ!” ಆಚೆಯಿಂದ ಲಕ್ಕಿ ಕಿರುಚಿದಳು.

ಇನ್ನೇನು ಬೇಕು? ಮೂರು ಗಂಟೆಯಿಂದ ನಾಲ್ಕೂವರೆಯವರೆಗೆ ಆ ಕಣಜದ ಜೊತೆ ವೆಂಕಟ್ರಮಣ ಕೂತಿರಲು ಸಾಧ್ಯವೇ ಇಲ್ಲ. ಹಾಡು ಇತ್ತು, ಕೇಳುವ ಕಿವಿ ಇರಲಿಲ್ಲ. ಮೂರಕ್ಕೇ ಅವನು ಸತ್ತಿದ್ದ. ಕೊಂದವನು, ವೆಂಕಟ್ರಮಣ ಇನ್ನೂ ಬದುಕಿದ್ದಾನೆ ಎಂದು ಊರಿಗೆ ತೋರಿಸಲು ಒಡೆದ ವಾಲ್ವು ಬದಲಿಸಿ ಹಾಡು ಹಚ್ಚಿ ಹೋಗಿದ್ದಾನೆ. ಮೂರು ಗಂಟೆಗೆ ದೇವರಾಜ ಬಂದರಿನಲ್ಲಿ ಎಂಜಿನ್ ಬಿಚ್ಚುತ್ತಿದ್ದ ಎಂದು ಅವನ ಬೋಟು ನಡೆಸುವ ತಾಂಡೇಲ ಶುಕ್ರ ಬರೆದುಕೊಟ್ಟ ಹೇಳಿಕೆ ನನ್ನ ಕಿಸೆಯಲ್ಲೇ ಇತ್ತು.

ಸುಚಿತಾ ಅಳತೆ ಬರೆದು ಸಹಿ ಹಾಕಿದಳು. ಅದು, ಪುಸ್ತಕದ ಪುಟ, ಲಕ್ಕಿಯ ಧ್ವನಿ, ಶುಕ್ರನ ಹೇಳಿಕೆ, ಎಲ್ಲ ಕಿರಣನ ವಾಟ್ಸಾಪಿಗೆ ಹೋದಾಗ ಎರಡು ಇಪ್ಪತ್ತು.

ಹಾಗಾದರೆ ಮೂರಕ್ಕೆ ಮೊದಲು ಅಲ್ಲಿ ಯಾರಿದ್ದರು? ನನಗೆ ಗೊತ್ತಿದ್ದವನು ಒಬ್ಬನೇ. ಭಟ್ಕಳದ ಐಸ್ ಪ್ಲಾಂಟಿನ ಜಗದೀಶ. ಈ ಆಂಪ್ಲಿಫೈಯರು ಮಾಡಿಸಿದ್ದೇ ಅವನು. ಆ ಮಧ್ಯಾಹ್ನ ಅದನ್ನು ಕೇಳಲು ಬಂದಿದ್ದ. ಐಸ್ ಪ್ಲಾಂಟು ಅಂದ ಮೇಲೆ ಮೀನಿನ ಹುರುಪೆಗೆ ಬರಗಾಲವೇ?

“ಜಗದೀಶ್, ನಾನು ಮಾಸ್ತಿ. ಆ ದಿನ ಎಷ್ಟು ಹೊತ್ತಿಗೆ ಹೊರಟ್ರಿ?”

“ಎರಡೂಕಾಲಿಗೆ. ಎಂತಕ್ಕೆ? ನಾ ಎಂತದೂ ಮುಟ್ಲಿಲ್ಲ ಮಾಸ್ತಿಯವ್ರೇ!”

“ಮುಟ್ಟಿದ್ರಾ ಅಂತ ನಾ ಕೇಳಿದ್ನಾ?” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾನು ಕಂಡಷ್ಟು ಯಾರೂ ಕಂಡಿಲ್ಲ.

“ಮೂರಕ್ಕೆ ನಾನು ಪ್ಲಾಂಟಲ್ಲಿದ್ದೆ, ಕ್ಯಾಮರಾ ನೋಡಿ ಬೇಕಾದ್ರೆ. ಹೊರಡೂ ಮುಂಚೆ ಮಿಷನ್ ಹಾಡೂದನ್ನ ವಿಡಿಯೋನೂ ಮಾಡಿದ್ದೆ. ಹುಡುಕಿ ಕಳಿಸ್ತೆ.”

ಕಳಿಸು ಮಗನೇ, ಎಂದುಕೊಂಡು ಹೊನ್ನಾವರದ ಬಸ್ಸು ಹತ್ತಿದೆ.

ಕಮಲಿಗೆ ಸುದ್ದಿ ಹೇಳಬೇಕಿತ್ತು. ದೇವರಾಜನ ಹೆಂಡತಿ. ಅಣ್ಣ ಸತ್ತ, ಗಂಡ ಜೈಲಿಗೆ ಹೋದ. ಈ ಹದಿನೇಳು ದಿನವೂ ನಾನು ಕಂಡಾಗಲೆಲ್ಲ ಅವಳು ಕೇಳಿದ್ದು ಒಂದೇ ಮಾತು. “ಅವ್ರು ಎಂದಿಗೆ ಬತ್ರು ಮಾವ?” ಈ ಸಂಬಂಧ ಕುದುರಿಸಿದವನೇ ನಾನು.

ಮೀನು ಮಾರ್ಕೆಟ್ಟಿನಲ್ಲಿ ಸಂಜೆಯ ವ್ಯಾಪಾರ ಈಗಷ್ಟೇ ಕಳೆಗಟ್ಟುತ್ತಿತ್ತು. ಕಮಲಿ ಹಲಗೆಯ ಮೇಲೆ ಪಾಂಪ್ಲೆಟ್ ಮೀನು ಜೋಡಿಸುತ್ತಿದ್ದಳು. ಒಂದನ್ನು ಎತ್ತಿ ಇನ್ನೊಂದರ ಪಕ್ಕ ಇಡುವಳು. ರೆಕ್ಕೆ ಸ್ವಲ್ಪ ಗಿಡ್ಡ ಕಂಡರೆ ತೆಗೆದು ಬೇರೆಯದು. ಬಣ್ಣ ಒಂದು ಛಾಯೆ ಮಾಸಿದ್ದರೂ ಬೇಡ. ಎರಡೂ ಅವಳಿಯ ಹಾಗೆ ಕಂಡ ಮೇಲೇ ಬುಟ್ಟಿಯ ಮೂಲೆಗೆ. ಇಲ್ಲಿನ ಹೆಂಗಸರೆಲ್ಲ ಹೀಗೇ. ಜೋಡಿ ಸರಿ ಕಾಣದಿದ್ದರೆ ಗಿರಾಕಿ ಕೈ ಚಾಚುವುದಿಲ್ಲ.

“ಕಮಲೀ, ಎದ್ದು ನಿಲ್ಲು. ಸುದ್ದಿ ತಂದೆ.” “ನಿನ್ನ ಗಂಡ ತಪ್ಪು ಮಾಡ್ಲಿಲ್ಲ. ರುಜುವಾತು ಆತು. ಇವತ್ತೋ ನಾಳೆಯೋ ಹೊರಗೆ ಬರ್ತ.”

ಅವಳು ಏಳಲಿಲ್ಲ. “ಹೌದಾ ಮಾವ,” ಎಂದಳು. ಕೈಯಲ್ಲಿದ್ದ ಮೀನು ಹಲಗೆಯ ಮೇಲೆ ಬಿತ್ತು.

ಖುಷಿಗೆ ಕೈ ಜಾರಿತು ಎಂದುಕೊಂಡು ನಾನೇ ಕೊಚ್ಚಿಕೊಂಡೆ. ವಾಲ್ವು ಒಡೆದದ್ದು, ಯಾರೋ ಬಣ್ಣ ನೋಡಿ ಬೇರೆಯದು ಹಾಕಿದ್ದು, ಗುಂಯ್ ಎಂದದ್ದು, ಕೇಳುವವನು ಸತ್ತಿದ್ದು. ಕಮಲಿ ನನ್ನ ಬಾಯನ್ನೇ ನೋಡುತ್ತಿದ್ದಳು. ಆಂಪ್ಲಿಫೈಯರು ತರಲು ಅವಳ ಅಣ್ಣನ ಮನೆಯ ಬೀಗದ ಕೈ ಕೇಳಿದ ದಿನವೂ ಹೀಗೇ ನೋಡಿದ್ದಳು. “ಆ ಪೆಟ್ಟಿಗೆ ಎಂತಕ್ಕೆ ಮಾವ?” ಎಂದು ಎರಡು ಸಲ ಕೇಳಿದ್ದಳು.

ಫೋನು ಟಿಣ್ ಎಂದಿತು. ಜಗದೀಶನ ವಿಡಿಯೋ. ಗಲಾಟೆಯಲ್ಲಿ ಕೇಳಲೆಂದು ಸೌಂಡು ಪೂರ್ತಿ ಏರಿಸಿದೆ. ಎರಡು ಗಂಟೆ ಹನ್ನೊಂದು ನಿಮಿಷ ಎಂದಿತ್ತು ಮೇಲೆ. ವೆಂಕಟ್ರಮಣನ ಮೇಜು, ಕೆಂಪಗೆ ಉರಿಯುತ್ತಿದ್ದ ಎರಡು ವಾಲ್ವು, ಒಂದು ಕಂದು ಬುಡ, ಒಂದು ಕಪ್ಪು ಬುಡ. ಹಾಡು ಸ್ವಚ್ಛ. ಕಣಜ ಇಲ್ಲ.

“ನೋಡು, ನೋಡು!” ಎಂದೆ.

ಆಗ ವಿಡಿಯೋದಲ್ಲಿ ಬಾಗಿಲು ಸದ್ದಾಯಿತು. ಸತ್ತವನ ಧ್ವನಿ, ಪ್ರೀತಿಯ ಸಿಡುಕಿನಲ್ಲಿ, ಇಡೀ ಮಾರ್ಕೆಟ್ಟಿಗೆ ಕೇಳುವ ಹಾಗೆ ಹೇಳಿತು.

“ಕಮಲೀ, ಬಾ. ಮೊದ್ಲು ಕೈ ತೊಳ್ಕ. ಮೀನಿನ ಕೈಲಿ ನನ್ನ ವಾಲ್ವು ಮುಟ್ಬೇಡ.”

ವಿಡಿಯೋ ಮುಗಿಯಿತು.

ಆ ದಿನ ಹನ್ನೆರಡು ಗಂಟೆಯಿಂದ ಕುಮಟೆಯ ಮಾರ್ಕೆಟ್ಟಿನಲ್ಲೇ ಇದ್ದೆ ಎಂದು ಪೊಲೀಸರಿಗೆ ಹೇಳಿದ್ದಳು ಕಮಲಿ. ನನಗೂ ಹೇಳಿದ್ದಳು.

ನಾನು ಅವಳ ಬಲಗೈ ಹಿಡಿದೆ. ಹೆಬ್ಬೆರಳಿಗೂ ತೋರುಬೆರಳಿಗೂ ಬಟ್ಟೆ ಸುತ್ತಿತ್ತು. ಏಡಿ ಕಚ್ಚಿತು ಎಂದಿದ್ದಳು. ನಾನು ನಂಬಿದ್ದೆ. ಬಟ್ಟೆ ಬಿಚ್ಚಿದೆ. ಏಡಿ ಕಚ್ಚಿದರೆ ಸೀಳುತ್ತದೆ, ಇಲ್ಲಿ ಸೀಳಿರಲಿಲ್ಲ. ಎರಡೂ ಬೆರಳ ತುದಿಯ ಚರ್ಮ ಸುಟ್ಟು ಕೆಂಪಾಗಿ ಮಿರುಗುತ್ತಿತ್ತು. ಉಪ್ಪುನೀರಿನಲ್ಲಿ ದಿನವಿಡೀ ಅದ್ದುವ ಕೈ, ಹೇಗೆ ಮಾಯ್ದೀತು?

“ನೀನಾ?” ಎಂದೆ. “ಒಡಹುಟ್ಟಿದವನನ್ನ?”

“ಬಲ್ಬ್ ಹಾಕಿದ್ದು ನಾನೇ.” ಅಳಲಿಲ್ಲ ಅವಳು. “ಹಾಡು ಹಚ್ಚಿದ್ದೂ ನಾನೇ. ಆಗ ಅಣ್ಣ ಬದುಕಿದ್ದ ಮಾವ. ಹಚ್ಚು ಅಂತ ಹೇಳ್ದವನೇ ಅವ.”

“ಸುಳ್ಳು ಹೇಳ್ಬೇಡ! ಆ ಗುಂಯ್ ಕೇಳ್ತಾ ವೆಂಕಟ್ರಮಣ ಸುಮ್ನೆ ಕೂತ್ನಾ?”

“ಕೂತ. ನನ್ನ ಸಲುವಾಗಿ ಕೂತ.”

ಅವಳು ಎಲೆಯಡಿಕೆ ಚೀಲಕ್ಕೆ ಕೈ ಹಾಕಿ ಏನನ್ನೋ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಕಪ್ಪು ಬುಡ. ಅಂಚಿನಲ್ಲಿ ಒಡೆದ ಗಾಜಿನ ಹಲ್ಲು. ಪಕ್ಕದಲ್ಲಿ ಪೆನ್ಸಿಲಿನಲ್ಲಿ, ಮುತ್ತಿನಂಥ ಅಕ್ಷರದಲ್ಲಿ, ಮೂವತ್ತೇಳು.

“ಕಿಟಕಿಯಿಂದ ಕಲ್ಲು ಬಂತು. ಇದಕ್ಕೇ ಬಿತ್ತು, ಹಾಡು ನಿಂತೋಯ್ತು. ಹೊರಗೆ ನಿಂತವ್ರು ಅವ್ಳನ್ನ ಕಳ್ಸು, ಇಲ್ದಿದ್ರೆ ಬಾಗಿಲು ಒಡೀತೆ ಅಂತಿದ್ರು. ಅಣ್ಣ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ‘ಬೇರೆ ಬಲ್ಬ್ ಹಾಕಿ ಹಾಡು ಹಚ್ಚು, ಹಿತ್ಲ ಬಾಗಿಲು ಕಿರ್ರ್ ಅಂದದ್ದು ಕೇಳ್ಸೂದಿಲ್ಲ, ನೀ ಗಾಳಿಮರದ ಬದಿಂದ ಓಡು’ ಅಂದ. ಗಡಿಬಿಡೀಲಿ ಉರೀತಿದ್ದ ಬಲ್ಬಿಗೆ ಕೈ ತಾಗ್ತು. ನಂಗೆಂತ ಗೊತ್ತು ಮಾವ, ಒಂದೇ ಥರ ಕಂಡದ್ದು ನೋಡಿ ಹಾಕಿದೆ. ಗುಂಯ್ ಅಂತು. ಅಣ್ಣ ಮುಖ ಹಿಂಡಿದ. ಮತ್ತೆ ಇರ್ಲಿ, ನೀ ಹೋಗು ಅಂದ. ಒಡೆದದ್ದು ನನ್ನ ಕೈಲೇ ಉಳೀತು. ಕುಮಟೆ ಬಸ್ಸು ಹತ್ತಿದ ಮೇಲೇ ನೋಡಿದ್ದು.”

ಸುತ್ತ ಹೆಂಗಸರ ಕೂಗಾಟ ನಡೆದೇ ಇತ್ತು.

“ಹೊರಗೆ ನಿಂತವ ಯಾರು ಕಮಲಿ?”

ಅವಳು ಭುಜದ ಮೇಲಿನ ಸೆರಗು ಒಂದಿಷ್ಟು ಸರಿಸಿದಳು. ಬೆಲ್ಟಿನ ಬಾಸುಂಡೆಯ ಗುರುತು, ಒಂದರ ಮೇಲೊಂದು. ಹಿಂದೊಮ್ಮೆ ನನ್ನ ತಂಗಿಯೇ ನನ್ನ ಕಿವಿಯಲ್ಲಿ ಹೇಳಿದ್ದಳು, “ಮಗ ಸಿಟ್ಟಿನವ ಅಣ್ಣ, ಹೆಂಡ್ತಿ ಮೇಲೆ ಕೈ ಮಾಡ್ತ.” ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಾನೇ ನಕ್ಕು ಮಾತು ಮುಗಿಸಿದ್ದೆ. ಹುಡುಗ ಎತ್ತರ, ಹುಡುಗಿ ಎತ್ತರ, ಇಬ್ಬರೂ ಒಂದೇ ಬಣ್ಣ, ಎರಡೂ ಮನೆ ಸಮ. ನಾನು ಜೋಡಿ ಮಾಡಿದ್ದೂ ಹೊರಗಿಂದ ನೋಡಿಯೇ.

ಶುಕ್ರ ನನಗೆ ಸುಳ್ಳು ಬರೆದುಕೊಟ್ಟಿದ್ದ. ಮೂರು ಗಂಟೆಗೆ ದೇವರಾಜ ಬಂದರಿನಲ್ಲಿ ಇರಲೇ ಇಲ್ಲ. ಲಕ್ಕಿ ಕಂಡದ್ದು ಅವನು ಓಡಿಹೋದದ್ದನ್ನು, ಬಂದದ್ದನ್ನಲ್ಲ. ಪೊಲೀಸರ ಲೆಕ್ಕವೇ ಸರಿ, ಹಾಡಿನ ಪಿನ್ನು ಕಿತ್ತು ಓಡಿದವನೇ ಕೊಂದವನು.

“ನಂಗ್ಯಾಕೆ ಹೇಳ್ಲಿಲ್ಲ?” ಎಂದೆ.

“ನೀವು ಅವ್ರ ಸೋದರಮಾವ ಅಲ್ದಾ.”

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಮಜ್ಜಿಗೆಗೆ ಬಿದ್ದಿತ್ತಂತೆ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಕಿರಣನನ್ನು ತಡೆಯಬೇಕು. ಅವನ ನಂಬರು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವನದೇ ಫೋನು ಬಂತು. ಬೆರಳು ಎಲ್ಲಿ ತಾಗಿತೋ, ಸ್ಪೀಕರಿನಲ್ಲೇ ಶುರುವಾಯಿತು.

“ಮಾಸ್ತಿಯವ್ರೇ, ಸಿಹಿ ತಿನ್ನಿಸ್ಬೇಕು! ಆ ಗುಂಯ್ ಅನ್ನೂ ಶಬ್ದವೇ ಗೆಲ್ಲಿಸ್ತು. ಜಾಮೀನು ಆತು. ಜಾಮೀನುದಾರ ಅಂತ ನಿಮ್ಮ ಸಹಿ ನಿನ್ನೆಯೇ ಹಾಕಿಸಿ ಇಟ್ಟದ್ದು ಒಳ್ಳೇದಾತು, ಇವತ್ತೇ ಬಿಡ್ತಾ ಇದ್ದಾರೆ. ಆರು ಗಂಟೆ ಬಸ್ಸಿಗೆ ಹತ್ತಿಸ್ತೆ. ಎಲ್ಲೂ ನಿಲ್ಲೂದಿಲ್ಲ, ನೇರ ಹೆಂಡ್ತಿ ಹತ್ರವೇ ಹೋಗ್ತೆ ಅಂತಾನೆ ಪಾಪ.”

ಕಮಲಿ ಹಲಗೆಯ ಮೇಲೆ ಬಿದ್ದಿದ್ದ ಮೀನನ್ನು ಎತ್ತಿ ಅದರ ಜೋಡಿಯ ಪಕ್ಕ ಇಟ್ಟಳು. ಆಮೇಲೆ ನನ್ನನ್ನು ನೋಡಿ, ಹದಿನೇಳು ದಿನವೂ ಕೇಳಿದ ಅದೇ ಧ್ವನಿಯಲ್ಲಿ ಕೇಳಿದಳು.

“ಎಷ್ಟು ಹೊತ್ತಿಗೆ ಬತ್ರು ಮಾವ?”